ಆ ರನ್ನು ಯಾರ ಲೆಕ್ಕಕ್ಕೆ?

ಹೋದ ಸಂಚಿಕೆಯ ಕೊನೆಯಲ್ಲಿ ಬೇಸ್‌ಬಾಲ್ ಪಿಚರ್‌ಗಳ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು, ಎಲ್ಲ ಕಡೆಯಿಂದ ಬಂದಿವೆ. ಹೆಚ್ಚುಕಡಿಮೆ ಎಲ್ಲರೂ ಕೇಳಿರುವುದು ಒಂದೇ: ಪಿಚರ್ ಹೆಸರಿನ ಪಕ್ಕ ಬರುವ ಅಂಕಿಗಳನ್ನು ಓದುವುದು ಹೇಗೆ? ಹಾಗಾಗಿ ಈ ಸಲ ಪೂರ್ತಿ ಅದಕ್ಕೇ. ಪಿಚರ್ ಅಂದರೆ ನಮ್ಮ ಬೌಲರ್ ಅಂದುಕೊಂಡು ಓದಿ, ಅರ್ಧ ಕೆಲಸ ಮುಗಿದ ಹಾಗೆ.

ಪ್ರಶ್ನೆ: ಮಗಳು ಸಿಯಾಟಲ್‌ನಲ್ಲಿದ್ದಾಳೆ. ಮೂರು ತಿಂಗಳು ಅಲ್ಲಿದ್ದು ಬಂದೆ. ಅಳಿಯನ ಜೊತೆ ಕೂತು ಬೇಸ್‌ಬಾಲ್ ನೋಡ್ತಿದ್ದೆ. ಒಂದು ದಿನ ಟೀವಿಯಲ್ಲಿ ಪಿಚರ್ ಹೆಸರಿನ ಮುಂದೆ ಬಂದಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: ಐಪಿ 6.2, ಎಚ್ 5, ಆರ್ 3, ಇಆರ್ 2, ಬಿಬಿ 2, ಕೆ 8. ಆರೂ ಕಾಲು ಇನ್ನಿಂಗ್ಸ್‌ಗೆ ಹತ್ತಿರ ಅಂತಲಾ ಇದು? ಅಳಿಯನನ್ನು ಕೇಳೋಕೆ ಸಂಕೋಚ ಆಯ್ತು.
(ನಿವೃತ್ತ ಬ್ಯಾಂಕ್ ನೌಕರರು, ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಬರೆದುಕೊಂಡು ಬಂದಿದ್ದು ತುಂಬಾ ಒಳ್ಳೆಯದಾಯಿತು, ಇಡೀ ಪುಟಕ್ಕೆ ನಿಮ್ಮ ಈ ಒಂದು ಸಾಲೇ ಸಾಕು. ಮೊದಲು ಆ ಐಪಿ, ಅಂದರೆ ಪಿಚರ್ ಆಡಿದ ಇನ್ನಿಂಗ್ಸ್, 6.2. ಕ್ರಿಕೆಟ್‌ನಲ್ಲಿ 6.2 ಓವರ್ ಅಂದರೆ ಆರು ಓವರ್ ಎರಡು ಎಸೆತ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಇದೂ ಹಾಗೇ. ಚುಕ್ಕಿಯ ಆಚೆ ಇರುವುದು ಔಟ್‌ಗಳ ಲೆಕ್ಕ. ಒಂದು ಇನ್ನಿಂಗ್ಸ್‌ನಲ್ಲಿ ತಂಡಕ್ಕೆ ಮೂರು ಔಟ್. ಹಾಗಾಗಿ 6.1, 6.2, ಆಮೇಲೆ ನೇರ 7. ನಿಮ್ಮ ಪಿಚರ್ ಆರು ಇನ್ನಿಂಗ್ಸ್ ಮುಗಿಸಿ ಏಳನೆಯದರಲ್ಲಿ ಎರಡು ಔಟ್ ತೆಗೆದು ಹೊರಗೆ ಹೋಗಿದ್ದಾನೆ. ಒಟ್ಟು 20 ಔಟ್. ಇಡೀ ಪಂದ್ಯಕ್ಕೆ 9 ಇನ್ನಿಂಗ್ಸ್, ಅಂದರೆ 27 ಔಟ್.

ಎಚ್ ಅಂದರೆ ಹಿಟ್. ಬ್ಯಾಟರ್ ಹೊಡೆದು, ಫೀಲ್ಡರ್ ತಪ್ಪಿಲ್ಲದೆ ಬೇಸ್ ತಲುಪಿದ್ದು ಐದು ಸಲ. (ಬೇಸ್ ಅಂದರೆ ಓಡುವಾಗ ಮುಟ್ಟಬೇಕಾದ ಗುರುತು, ಎಲ್ಲ ಬೇಸ್ ಸುತ್ತಿ ಹೊರಟ ಜಾಗಕ್ಕೆ ವಾಪಸ್ ಬಂದರೆ ಒಂದು ರನ್.) ಬಿಬಿ ಅಂದರೆ ವಾಕ್. ಬ್ಯಾಟರ್ ಎದುರು ಇದೆ ಅಂದುಕೊಳ್ಳುವ ಸ್ಟ್ರೈಕ್ ಚೌಕದ ಹೊರಗೆ ನಾಲ್ಕು ಬಾಲ್ ಹಾಕಿದರೆ ಬ್ಯಾಟರ್ ಸುಮ್ನೆ ನಡೆದುಕೊಂಡು ಮೊದಲ ಬೇಸ್‌ಗೆ ಹೋಗ್ತಾನೆ, ಅದು ಎರಡು ಸಲ ಆಗಿದೆ. ಕೆ ಅಂದರೆ ಸ್ಟ್ರೈಕೌಟ್. ಚೌಕದೊಳಗೆ ಬಂದ ಚೆಂಡನ್ನು ಸುಮ್ನೆ ಬಿಟ್ಟರೂ, ಬ್ಯಾಟ್ ಬೀಸಿ ತಗುಲದಿದ್ದರೂ ಒಂದು ಸ್ಟ್ರೈಕ್, ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್, ಎಂಟು ಜನ. ಇನ್ನು ಆರ್ ಮತ್ತು ಇಆರ್. ಇಲ್ಲೇ ನಿಜವಾದ ಸ್ವಾರಸ್ಯ ಇರೋದು. ಅವನಿದ್ದಾಗ ಬಂದ ರನ್ ಮೂರು, ಆದರೆ ಅವನ ತಲೆಗೆ ಕಟ್ಟಿದ್ದು ಎರಡೇ. ಆ ಇನ್ನೊಂದು ರನ್ ಎಲ್ಲಿ ಹೋಯಿತು ಅನ್ನುವುದನ್ನು ಮುಂದಿನ ಪ್ರಶ್ನೆಯಲ್ಲಿ ನೋಡಿ. ಅಳಿಯನಿಗೆ ಒಂದು ಮಾತು ಹೇಳಿ: ಆರಂಭದ ಪಿಚರ್ ಆರು ಇನ್ನಿಂಗ್ಸ್ ಆದರೂ ಆಡಿ ಮೂರು ಅಥವಾ ಅದಕ್ಕಿಂತ ಕಡಿಮೆ ಇಆರ್ ಕೊಟ್ಟರೆ ಅದಕ್ಕೆ ಕ್ವಾಲಿಟಿ ಸ್ಟಾರ್ಟ್ ಅಂತಾರೆ. ನೀವು ನೋಡಿದ್ದು ಅಂಥ ಒಂದು ಆಟ.

ಪ್ರಶ್ನೆ: ಇಆರ್‌ಎ ಅಂತ ಎಲ್ಲ ಕಡೆ ಬರುತ್ತೆ. ನಮ್ಮ ಬೌಲಿಂಗ್ ಸರಾಸರಿನಾ, ಎಕಾನಮಿನಾ?
(ಹರಿಹರದಿಂದ)

ಉತ್ತರ: ಎರಡೂ. ಹೇಗೆ ಅಂತ ಹೇಳ್ತೀನಿ, ಅದಕ್ಕೆ ಮೊದಲು ನನ್ನದೇ ಒಂದು ವಿಷಯ ಹೇಳಬೇಕು.

ಕಾಲೇಜಿನ ದಿನಗಳಲ್ಲಿ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಿ ಆಡುತ್ತಿದ್ದೆವು. ಒಂದು ಪಂದ್ಯದಲ್ಲಿ ನನ್ನ ಎರಡನೇ ಓವರಿನ ಮೊದಲ ಎಸೆತಕ್ಕೆ ಬ್ಯಾಟ್ಸ್‌ಮನ್ ಚೆಂಡನ್ನು ನೇರ ಮೇಲಕ್ಕೆ ಎತ್ತಿದ. ಮಿಡ್ ಆನ್‌ನಲ್ಲಿದ್ದವನು ಎರಡು ಹೆಜ್ಜೆಯೂ ಓಡಬೇಕಿರಲಿಲ್ಲ. ಚೆಂಡು ಅಂಗೈಗೆ ಬಡಿದು ಕೆಳಗೆ ಬಿತ್ತು. ಅದೇ ಬ್ಯಾಟ್ಸ್‌ಮನ್ ಆಮೇಲೆ ನನ್ನ ಆ ಓವರಿನಲ್ಲೇ ಮೂರು ಸಿಕ್ಸರ್ ಹೊಡೆದ. ಸಂಜೆ ಸ್ಕೋರ್ ಪುಸ್ತಕ ತೆಗೆದು ನೋಡಿದರೆ ನನ್ನ ಹೆಸರಿನ ಮುಂದೆ 2 ಓವರ್, 27 ರನ್, ವಿಕೆಟ್ ಇಲ್ಲ. ಬಿಟ್ಟ ಕ್ಯಾಚ್ ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮುಂದಿನ ಪಂದ್ಯಕ್ಕೆ ನನ್ನನ್ನು ತೆಗೆದುಕೊಳ್ಳಲಿಲ್ಲ. ಆ 27 ಇವತ್ತಿಗೂ ನನಗೆ ನೆನಪಿದೆ. ಬಹಳ ವರ್ಷದ ಮೇಲೆ ಬೇಸ್‌ಬಾಲ್ ಸ್ಕೋರ್ ಬರೆಯುವ ಕ್ರಮ ಓದಿದಾಗ, ನಾನು ಅವತ್ತು ಹುಡುಕಿದ ಕಾಲಂ ಇಲ್ಲಿದೆಯಲ್ಲ ಅನ್ನಿಸಿ ಮನಸ್ಸು ತುಂಬಿ ಬಂತು. ಅದೇ ಇಆರ್, ಅರ್ನ್ಡ್ ರನ್. ಪಿಚರ್ ತಾನೇ ಕೈಯಾರೆ ಕೊಟ್ಟ ರನ್.

ಒಂದು ಉದಾಹರಣೆ ತೆಗೆದುಕೊಳ್ಳಿ. ಎರಡು ಔಟ್ ಆಗಿದೆ. ಸುಲಭದ ಚೆಂಡು ನೆಲದ ಮೇಲೆ ಉರುಳಿಕೊಂಡು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಕಡೆಗೆ ಬರುತ್ತೆ, ಅವನ ಕಾಲ ನಡುವೆ ನುಸುಳಿ ಹೋಗುತ್ತೆ. ಬ್ಯಾಟರ್ ಬೇಸ್ ತಲುಪಿದ. ಮುಂದಿನವನು ಬಂದು ಹೋಮ್ ರನ್ ಹೊಡೆದ, ಅಂದರೆ ನಮ್ಮ ಸಿಕ್ಸರ್ ಥರ ಹೊಡೆದು ಬೇಸ್‌ನಲ್ಲಿದ್ದವನೂ ತಾನೂ ಸುತ್ತು ಮುಗಿಸಿದರು. ಬೋರ್ಡ್ ಮೇಲೆ ಎರಡು ರನ್. ಪಿಚರ್ ಇಆರ್ ಎಷ್ಟು? ಸೊನ್ನೆ. ಆ ಚೆಂಡು ಹಿಡಿದಿದ್ದರೆ ಇನ್ನಿಂಗ್ಸ್ ಅಲ್ಲೇ ಮುಗಿಯುತ್ತಿತ್ತು, ಹೋಮ್ ರನ್ ಹೊಡೆಯೋಕೆ ಆ ಬ್ಯಾಟರ್ ಬರುತ್ತಲೇ ಇರಲಿಲ್ಲ. ಸ್ಕೋರರ್ ಆದವರು ಫೀಲ್ಡರ್ ತಪ್ಪು ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಇನ್ನಿಂಗ್ಸನ್ನು ಮನಸ್ಸಿನಲ್ಲೇ ಮತ್ತೆ ಆಡಿಸಿ ನೋಡಿ, ಆಮೇಲೆ ಲೆಕ್ಕ ಬರೆಯುತ್ತಾರೆ. ಕ್ರಿಕೆಟ್‌ನಲ್ಲಿ ಬೈ, ಲೆಗ್ ಬೈ ಬೌಲರ್ ಖಾತೆಗೆ ಹೋಗಲ್ಲ, ಅದೇ ನ್ಯಾಯವನ್ನು ಇವರು ಇನ್ನೂ ಮುಂದಕ್ಕೆ ಒಯ್ದಿದ್ದಾರೆ.

ಈಗ ಇಆರ್‌ಎ, ಅಂದರೆ ಅರ್ನ್ಡ್ ರನ್ ಸರಾಸರಿಯ ಲೆಕ್ಕ. ಇಆರ್ ಅನ್ನು 9ರಿಂದ ಗುಣಿಸಿ, ಆಡಿದ ಇನ್ನಿಂಗ್ಸ್‌ನಿಂದ ಭಾಗಿಸಿ. ಪಿ.ಜೆ. ಬಡಾವಣೆಯವರ ಪಿಚರ್‌ಗೆ 2 ಗುಣಿಸು 9, ಅಂದರೆ 18. ಅದನ್ನು ಆರೂ ಮೂರನೇ ಎರಡರಿಂದ ಭಾಗಿಸಿದರೆ 2.70. ಇಡೀ 9 ಇನ್ನಿಂಗ್ಸ್ ಇದೇ ಥರ ಆಡಿದ್ದರೆ ಸುಮಾರು 2.70 ರನ್ ಕೊಡುತ್ತಿದ್ದ ಅಂತ ಅರ್ಥ. ಕ್ಯಾಲ್ಕುಲೇಟರ್‌ನಲ್ಲಿ 6.2 ಅಂತಲೇ ಒತ್ತಬೇಡಿ, ಉತ್ತರ ತಪ್ಪುತ್ತೆ. 20 ಔಟ್ ಅಂತ ಇಟ್ಟುಕೊಂಡು, 2 ಗುಣಿಸು 27 ಭಾಗಿಸು 20 ಮಾಡಿದರೆ ಗೊಂದಲವೇ ಇಲ್ಲ.

ಸರಾಸರಿನಾ ಎಕಾನಮಿನಾ ಅಂದಿರಲ್ಲ. ಕ್ರಿಕೆಟ್‌ನಲ್ಲಿ ಓವರಿಗೆ ಎಷ್ಟು ಕೊಟ್ಟ ಅನ್ನುವುದು ಬೇರೆ, ವಿಕೆಟ್‌ಗೆ ಎಷ್ಟು ಕೊಟ್ಟ ಅನ್ನುವುದು ಬೇರೆ. ಬೇಸ್‌ಬಾಲ್‌ನಲ್ಲಿ ಓವರೇ ಇಲ್ಲ, ಆಟದ ಉದ್ದವನ್ನು ಅಳೆಯುವುದೇ ಔಟ್‌ಗಳಿಂದ. ಹಾಗಾಗಿ ಎರಡೂ ಒಂದೇ ಅಂಕಿಯೊಳಗೆ ಸೇರಿಕೊಂಡಿವೆ. 2.70 ಅಂದರೆ ಹತ್ತು ಔಟ್‌ಗೆ ಒಂದು ರನ್. ಅನಿಲ್ ಕುಂಬ್ಳೆ ಟೆಸ್ಟ್‌ನಲ್ಲಿ 619 ವಿಕೆಟ್ ತೆಗೆದಿದ್ದು ವಿಕೆಟ್‌ಗೆ 29.65 ರನ್ ಲೆಕ್ಕದಲ್ಲಿ. ಎರಡು ಆಟದಲ್ಲಿ ಒಂದು ರನ್ನಿನ ಬೆಲೆ ಎಷ್ಟು ಬೇರೆ ಅಂತ ಇದರಲ್ಲೇ ಕಾಣುತ್ತೆ. ಅಮೆರಿಕದ ದೊಡ್ಡ ಲೀಗ್‌ನಲ್ಲಿ ಈಗ 4ರ ಆಸುಪಾಸು ಇದ್ದರೆ ಸಾಧಾರಣ. 3ಕ್ಕಿಂತ ಕೆಳಗೆ ಇದ್ದರೆ ತುಂಬಾ ಚೆನ್ನಾಗಿ ಆಡುತ್ತಿದ್ದಾನೆ. ಇಡೀ ಸೀಸನ್ 2ಕ್ಕಿಂತ ಕೆಳಗೆ ಉಳಿಸಿಕೊಳ್ಳುವವರು ಅಪರೂಪ.

ಇದರಲ್ಲೂ ಒಂದು ಕೊರತೆ ಇದೆ. ಒಬ್ಬ ಪಿಚರ್ ಮೂರು ಬೇಸ್‌ನಲ್ಲೂ ಓಟಗಾರರನ್ನು ಬಿಟ್ಟು ಹೊರಗೆ ಹೋದ ಅಂತಿಟ್ಟುಕೊಳ್ಳಿ. ಮುಂದೆ ಬಂದವನಿಗೆ ಒಂದು ಹೊಡೆತ ಬಿದ್ದು ಆ ಮೂವರೂ ಮನೆ ಸೇರಿದರೆ, ಮೂರೂ ರನ್ ಮೊದಲಿನವನ ಲೆಕ್ಕಕ್ಕೆ. ಹೊಡೆಸಿಕೊಂಡವನ ಇಆರ್‌ಎ ಕದಲಲ್ಲ. ಕೊನೆಗೆ ಬರುವ ಪಿಚರ್‌ಗಳ ಇಆರ್‌ಎ ನೋಡುವಾಗ ಇದು ನೆನಪಿರಲಿ.

ಪ್ರಶ್ನೆ: ಗೆಲುವು ತಂಡದ್ದು. ಅದನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುವುದು ಯಾವ ನ್ಯಾಯ?
(ಹಿರಿಯೂರಿನಿಂದ)

ಉತ್ತರ: ನನ್ನನ್ನು ಕೇಳಿದರೆ ದೊಡ್ಡ ನ್ಯಾಯವೇನೂ ಇಲ್ಲ. ಹಳೇ ಕಾಲದಲ್ಲಿ ಶುರು ಮಾಡಿದವನೇ ಪಂದ್ಯ ಮುಗಿಸುತ್ತಿದ್ದ, ಆಗ ಅದಕ್ಕೆ ಸ್ವಲ್ಪ ಅರ್ಥ ಇತ್ತು. ಸೈ ಯಂಗ್ ಹೆಸರಿನಲ್ಲಿ 511 ಗೆಲುವು ಇದೆ, ಇನ್ನು ಯಾರೂ ಮುಟ್ಟುವುದಿಲ್ಲ. ಈಗ ಆರಂಭದ ಪಿಚರ್ ಕನಿಷ್ಠ ಐದು ಇನ್ನಿಂಗ್ಸ್ ಆಡಿ, ಹೊರಗೆ ಹೋಗುವಾಗ ತಂಡ ಮುಂದಿದ್ದು, ಆ ಮುನ್ನಡೆ ಕೊನೆವರೆಗೂ ಉಳಿದರೆ ಮಾತ್ರ ಅವನಿಗೆ ಗೆಲುವು. ತನ್ನ ಬ್ಯಾಟರ್‌ಗಳು ರನ್ ಹೊಡೆಯದಿದ್ದರೆ ಅವನೇನು ಮಾಡಬೇಕು?

2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಇಆರ್‌ಎ 1.70. ಅಷ್ಟಾದರೂ ದಾಖಲೆಯಲ್ಲಿ 10 ಗೆಲುವು, 9 ಸೋಲು. 1987ರಲ್ಲಿ ನೋಲನ್ ರಯಾನ್ ತನ್ನ ಲೀಗ್‌ನಲ್ಲೇ ಎಲ್ಲರಿಗಿಂತ ಕಡಿಮೆ ಇಆರ್‌ಎ, ಎಲ್ಲರಿಗಿಂತ ಜಾಸ್ತಿ ಸ್ಟ್ರೈಕೌಟ್ ಮಾಡಿ 8 ಗೆದ್ದು 16 ಸೋತ! ಆ ವರ್ಷ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೆ ಸಿಗಲಿಲ್ಲ. 2010ರ ಹೊತ್ತಿಗೆ ಜನರ ಕಣ್ಣು ತೆರೆದಿತ್ತು. ಅದೇ ಸಿಯಾಟಲ್ ತಂಡದ ಫೆಲಿಕ್ಸ್ ಹರ್ನಾಂಡೆಜ್ 13 ಗೆದ್ದು 12 ಸೋತಿದ್ದರೂ 2.27 ಇಆರ್‌ಎ ನೋಡಿ ಪ್ರಶಸ್ತಿ ಕೊಟ್ಟರು. ಡಿಗ್ರಾಮ್‌ಗೂ ಸಿಕ್ಕಿತು. ರಯಾನ್ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಬೇಜಾರಿದೆ.

ಪ್ರಶ್ನೆ: ಸೇವ್ ಅಂದರೇನು?
(ಹೊಳಲ್ಕೆರೆ)

ಉತ್ತರ: ಡೆತ್ ಓವರ್ ಬೌಲರ್‌ಗೆ ಕೊಡುವ ಗುರುತು ಅಂದುಕೊಳ್ಳಿ. ತಂಡ ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆಯಲ್ಲಿದ್ದಾಗ ಬಂದು, ಕೊನೆಯ ಒಂದು ಇನ್ನಿಂಗ್ಸ್ ಪೂರ್ತಿ ಆಡಿ ಪಂದ್ಯ ಗೆಲ್ಲಿಸಿಕೊಟ್ಟರೆ ಒಂದು ಸೇವ್. ಇನ್ನೂ ಒಂದೆರಡು ದಾರಿ ಇವೆ, ಮುಖ್ಯವಾದ್ದು ಇದು. 1969ರಿಂದ ಅಧಿಕೃತ ಲೆಕ್ಕದಲ್ಲಿದೆ. ಮರಿಯಾನೋ ರಿವೆರಾ 652 ಸೇವ್ ಮಾಡಿದ್ದಾನೆ, ಅದೂ ಬಹುಪಾಲು ಕಟರ್ ಅನ್ನುವ ಒಂದೇ ಎಸೆತದಿಂದ. ಬ್ಯಾಟರ್‌ಗೆ ಏನು ಬರುತ್ತೆ ಅಂತ ಗೊತ್ತಿರುತ್ತಿತ್ತು, ಆದರೂ ಹೊಡೆಯೋಕೆ ಆಗ್ತಿರಲಿಲ್ಲ.

ಪ್ರಶ್ನೆ: ಸ್ಟ್ರೈಕೌಟ್‌ಗೆ ಎಸ್ ಬರೆಯದೆ ಕೆ ಯಾಕೆ? ಕೆಲವು ಕಡೆ ಕೆ ಉಲ್ಟಾ ಇರುತ್ತಲ್ಲ?
(ಹತ್ತನೇ ತರಗತಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಒಳ್ಳೆ ಪ್ರಶ್ನೆ ಮರಿ. ಇದರ ಹಿಂದೆ ಇರುವುದು ಒಬ್ಬ ಕ್ರಿಕೆಟ್ ವರದಿಗಾರ. ಹೆನ್ರಿ ಚಾಡ್ವಿಕ್ ಅಂತ. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್ ಪತ್ರಿಕೆಗಳಿಗೆ ಕ್ರಿಕೆಟ್ ಬರೆಯುತ್ತಿದ್ದವನು. ಬೇಸ್‌ಬಾಲ್ ಕಣ್ಣಿಗೆ ಬಿದ್ದ ಮೇಲೆ ಕ್ರಿಕೆಟ್ ಸ್ಕೋರ್‌ಕಾರ್ಡ್‌ನ ದಾರಿಯಲ್ಲೇ ಅದಕ್ಕೂ ಲೆಕ್ಕದ ಪಟ್ಟಿ ಕಟ್ಟಿಕೊಟ್ಟ. ಎಸ್ ಅಕ್ಷರ ಆಗಲೇ ಬೇರೆ ಕೆಲಸಕ್ಕೆ ಬಳಕೆಯಲ್ಲಿತ್ತು. ಅದಕ್ಕೆ 'ಸ್ಟ್ರಕ್' ಅನ್ನುವ ಪದದ ಕೊನೆಯ ಅಕ್ಷರ ಕೆ ತೆಗೆದುಕೊಂಡ. ಮೂರನೇ ಸ್ಟ್ರೈಕ್‌ಗೆ ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟ್ ಆದರೆ ಕೆ ಉಲ್ಟಾ ಬರೆಯುತ್ತಾರೆ. ಸ್ಟೇಡಿಯಂನಲ್ಲಿ ಅಭಿಮಾನಿಗಳು ಒಂದೊಂದು ಸ್ಟ್ರೈಕೌಟ್‌ಗೂ ಒಂದೊಂದು ಕೆ ಫಲಕ ತೂಗು ಹಾಕುತ್ತಾ ಹೋಗ್ತಾರೆ. ನೀನೂ ನಿನ್ನ ನೋಟ್‌ಬುಕ್‌ನಲ್ಲಿ ಒಂದು ಪಂದ್ಯ ಪೂರ್ತಿ ಬರೆದು ನೋಡು, ಟೀವಿ ನೋಡುವುದಕ್ಕಿಂತ ಜಾಸ್ತಿ ಅರ್ಥ ಆಗುತ್ತೆ.

ಪ್ರಶ್ನೆ: ಜೋರಾಗಿ ಎಸೆದು ಸ್ಟ್ರೈಕೌಟ್ ಮಾಡ್ತಾ ಹೋದರೆ ಸಾಕಲ್ವಾ? ವಿಪ್, ಫಿಪ್ ಅಂತೆಲ್ಲ ಯಾಕೆ ಬೇಕು?
(ವಿದ್ಯಾನಗರ, ದಾವಣಗೆರೆ)

ಉತ್ತರ: ವೇಗ ಒಂದೇ ಸಾಕು ಅಂತ ದಾವಣಗೆರೆಯವರು ಕೇಳಬಾರದು! ನಮ್ಮೂರಿನ ವಿನಯ್ ಕುಮಾರ್ ಅವರನ್ನು 'ದಾವಣಗೆರೆ ಎಕ್ಸ್‌ಪ್ರೆಸ್' ಅಂತ ಕರೆದರೂ, ಅವರು 500ಕ್ಕೂ ಹೆಚ್ಚು ಫಸ್ಟ್ ಕ್ಲಾಸ್ ವಿಕೆಟ್ ತೆಗೆದಿದ್ದು ಲೈನ್, ಲೆಂಗ್ತ್, ಸ್ವಿಂಗ್ ನಂಬಿಕೊಂಡು. ಕರ್ನಾಟಕಕ್ಕೆ ಸತತ ಎರಡು ರಣಜಿ ತಂದುಕೊಟ್ಟ ನಾಯಕ ಅವರು, 2013-14 ಮತ್ತು 2014-15.

ಬೇಸ್‌ಬಾಲ್‌ನಲ್ಲೂ ಅಷ್ಟೇ. ಮೇಲೆ ಹೇಳಿದ ರಯಾನ್ ಭಯಂಕರ ವೇಗದವನು. 5,714 ಸ್ಟ್ರೈಕೌಟ್, ಇವತ್ತಿಗೂ ದಾಖಲೆ. ಆದರೆ ಅವನು ಕೊಟ್ಟ ವಾಕ್ 2,795, ಅದೂ ದಾಖಲೆಯೇ. ಗ್ರೆಗ್ ಮ್ಯಾಡಕ್ಸ್ ಅಷ್ಟೇನೂ ವೇಗದವನಲ್ಲ. 23 ಸೀಸನ್ ಆಡಿ ಅವನು ಕೊಟ್ಟ ವಾಕ್ ಬರೀ 999, ಸ್ಟ್ರೈಕೌಟ್ ಮಾತ್ರ 3,371. ಚೆಂಡನ್ನು ಬೇಕಾದ ಜಾಗಕ್ಕೆ ಕಳಿಸುವ ಕೈ ಅದು. ಈ ವ್ಯತ್ಯಾಸವನ್ನು ಹಿಡಿಯೋಕೆ ವಿಪ್ ಬೇಕು. ಹಿಟ್ ಮತ್ತು ವಾಕ್ ಕೂಡಿಸಿ ಇನ್ನಿಂಗ್ಸ್‌ನಿಂದ ಭಾಗಿಸಿ, ಅಷ್ಟೇ. ಒಂದು ಇನ್ನಿಂಗ್ಸ್‌ಗೆ ಎಷ್ಟು ಜನರನ್ನು ಬೇಸ್ ಹತ್ತಿಸಿದ ಅಂತ ಗೊತ್ತಾಗುತ್ತೆ. ಮೊದಲ ಪ್ರಶ್ನೆಯ ಪಿಚರ್‌ಗೆ 5 ಮತ್ತು 2 ಸೇರಿ 7, ಆರೂ ಮೂರನೇ ಎರಡರಿಂದ ಭಾಗಿಸಿದರೆ 1.05. ಒಂದರ ಹತ್ತಿರ ಇದ್ದರೆ ಬಹಳ ಚೆನ್ನ, ಒಂದೂವರೆ ದಾಟಿದರೆ ಕಷ್ಟ. 2000ರಲ್ಲಿ ಪೆಡ್ರೊ ಮಾರ್ಟಿನೆಜ್ 217 ಇನ್ನಿಂಗ್ಸ್‌ನಲ್ಲಿ 128 ಹಿಟ್, 32 ವಾಕ್ ಮಾತ್ರ ಕೊಟ್ಟ. ಭಾಗಿಸಿ ನೋಡಿ, 0.737. ಒಂದು ಸೀಸನ್ನಿಗೆ ಅದಕ್ಕಿಂತ ಕಡಿಮೆ ವಿಪ್ ಇಲ್ಲ.

ಫಿಪ್ ಇನ್ನೂ ಒಂದು ಹೆಜ್ಜೆ ಒಳಗೆ ಹೋಗುತ್ತೆ. ಫೀಲ್ಡರ್ ಚೆಂಡು ಮುಟ್ಟಿ ಬಿಟ್ಟರೆ ಅದು ತಪ್ಪು ಅಂತ ಬರೆಯುತ್ತಾರೆ, ಸರಿ. ನಿಧಾನದ ಫೀಲ್ಡರ್ ಚೆಂಡಿನ ಹತ್ತಿರವೇ ಹೋಗದಿದ್ದರೆ? ಅದು ಹಿಟ್, ಪಿಚರ್ ತಲೆಗೆ! ಇಆರ್‌ಎ ಇದನ್ನು ಸರಿ ಮಾಡೋಕೆ ಆಗಲ್ಲ. 2001ರ ಸುಮಾರಿಗೆ ವೊರೋಸ್ ಮೆಕ್‌ಕ್ರಾಕೆನ್ ಅನ್ನುವವರು, ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತೋ ಔಟ್ ಆಗುತ್ತೋ ಅನ್ನುವುದು ಪಿಚರ್ ಕೈಯಲ್ಲಿ ನಾವು ಅಂದುಕೊಂಡಷ್ಟು ಇಲ್ಲ ಅಂತ ತೋರಿಸಿದರು. ಆಗ ದೊಡ್ಡ ಗಲಾಟೆಯೇ ಆಯಿತು. ಆ ಯೋಚನೆಯಿಂದ ಬಂದದ್ದು ಫಿಪ್. ಫೀಲ್ಡರ್‌ಗೆ ಕೆಲಸವೇ ಇಲ್ಲದ ಸಂಗತಿಗಳನ್ನಷ್ಟೇ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತೆ: ಹೋಮ್ ರನ್‌ಗೆ 13, ವಾಕ್ ಮತ್ತು ಮೈಗೆ ಬಡಿದ ಎಸೆತಕ್ಕೆ 3 ಕೂಡಿಸಿ, ಸ್ಟ್ರೈಕೌಟ್‌ಗೆ 2 ಕಳೆದು, ಇನ್ನಿಂಗ್ಸ್‌ನಿಂದ ಭಾಗಿಸುತ್ತಾರೆ, ಆಮೇಲೆ 3ರ ಆಸುಪಾಸಿನ ಒಂದು ಸಂಖ್ಯೆ ಸೇರಿಸಿ ಇಆರ್‌ಎ ಅಳತೆಗೆ ತರುತ್ತಾರೆ. ಇಆರ್‌ಎ ಜಾಸ್ತಿ ಇದ್ದು ಫಿಪ್ ಕಡಿಮೆ ಇದ್ದರೆ, ಹಿಂದೆ ನಿಂತವರು ಕೈ ಕೊಟ್ಟಿರಬಹುದು ಅಂತ ಅನುಮಾನ ಪಡಿ. ಆದರೆ ಫಿಪ್ ಒಂದನ್ನೇ ನಂಬಬೇಡಿ. ಬ್ಯಾಟರ್ ಹೊಡೆತವನ್ನೇ ಸಪ್ಪೆ ಮಾಡುವ ಕಲೆ ಕೆಲವರಿಗೆ ನಿಜಕ್ಕೂ ಇರುತ್ತೆ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಬಾಬ್ ಗಿಬ್ಸನ್ ಇಆರ್‌ಎ 1.12 ಅಂತ ಓದಿದೆ. ಹಾಗಾದರೆ ಪೆಡ್ರೊಗಿಂತ ಅವನೇ ದೊಡ್ಡವನಾ?
(ಚಳ್ಳಕೆರೆ)

ಉತ್ತರ: ಗಿಬ್ಸನ್‌ನದು 1968. ಆ ವರ್ಷ ಪಿಚರ್‌ಗಳದ್ದೇ ರಾಜ್ಯ, ಬ್ಯಾಟರ್‌ಗಳಿಗೆ ಉಸಿರಾಡೋಕೆ ಆಗಲಿಲ್ಲ. ಅದಕ್ಕೇ 1969ರಲ್ಲಿ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು, ಸ್ಟ್ರೈಕ್ ಚೌಕವನ್ನೂ ಕಿರಿದು ಮಾಡಿದರು. 2000ದ ಕಥೆ ಪೂರ್ತಿ ಬೇರೆ. ಆಗ ಬ್ಯಾಟರ್‌ಗಳ ಹಬ್ಬ. ಅಂಥ ವರ್ಷದಲ್ಲಿ ಪೆಡ್ರೊ 1.74. ಅವನ ಲೀಗ್‌ನಲ್ಲಿ ಎರಡನೇ ಸ್ಥಾನದವನ ಇಆರ್‌ಎ ಎಷ್ಟು ಗೊತ್ತಾ? 3.70. ನನ್ನ ಓಟು ಪೆಡ್ರೊಗೆ. ಚಿನ್ನಸ್ವಾಮಿಯ ಸಣ್ಣ ಬೌಂಡರಿಯಲ್ಲಿ ಓವರಿಗೆ 7 ಕೊಟ್ಟವನನ್ನೂ ದೊಡ್ಡ ಮೈದಾನದಲ್ಲಿ 7 ಕೊಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ಇಡ್ತೀವಾ? ಕಾಲ, ಮೈದಾನ ಎರಡನ್ನೂ ಸರಿದೂಗಿಸಿ ಹೇಳುವ ಅಂಕಿಯೂ ಇದೆ, ಇಆರ್‌ಎ ಪ್ಲಸ್. ಅದರಲ್ಲಿ 100 ಅಂದರೆ ಸಾಧಾರಣ, ಮೇಲೆ ಹೋದಷ್ಟೂ ಒಳ್ಳೆಯದು. ಆ ವರ್ಷ ಪೆಡ್ರೊನದು 291.

ಪ್ರಶ್ನೆ: ನಾನು ಕಾಲೇಜು ಸಾಫ್ಟ್‌ಬಾಲ್ ತಂಡದ ಪಿಚರ್. ಈ ವರ್ಷ ನಾಲ್ಕು ಪಂದ್ಯ ಆಡಿ ಮೂರು ಸೋತೆವು. ನಾನಿದ್ದಾಗ 21 ರನ್ ಬಂತು. ಪಿಚಿಂಗ್ ಸರಿಯಿಲ್ಲ ಅಂತ ಎಲ್ಲರೂ ಹೇಳ್ತಿದ್ದಾರೆ. ಬಿಟ್ಟುಬಿಡೋಣ ಅನ್ನಿಸಿದೆ. ಸ್ಕೋರ್ ಹಾಳೆ ಜೊತೆಗಿಟ್ಟಿದ್ದೇನೆ, ದಯವಿಟ್ಟು ನೋಡಿ.
(ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ನಿಮ್ಮ ಹಾಳೆಗಳನ್ನು ಒಂದು ರಾತ್ರಿ ಪೂರ್ತಿ ಇಟ್ಟುಕೊಂಡು ಕೂತೆ. ಬರೆದವರು ಫೀಲ್ಡರ್ ತಪ್ಪುಗಳನ್ನು ಪ್ರತಿ ಸಲವೂ ಗುರುತು ಹಾಕಿದ್ದಾರೆ. ಅವರಿಗೆ ನನ್ನ ಧನ್ಯವಾದ ತಿಳಿಸಿ, ಅದಿಲ್ಲದಿದ್ದರೆ ನನಗೆ ಏನೂ ಹೇಳೋಕೆ ಆಗುತ್ತಿರಲಿಲ್ಲ.

ನೀವು ಆಡಿದ್ದು 22 ಇನ್ನಿಂಗ್ಸ್. ಬಂದ ರನ್ 21, ನಿಜ. ಆದರೆ ಪ್ರತಿ ಇನ್ನಿಂಗ್ಸನ್ನೂ ಫೀಲ್ಡರ್ ತಪ್ಪು ತೆಗೆದು ಮತ್ತೆ ಆಡಿಸಿ ನೋಡಿದೆ. ನಿಮ್ಮ ಲೆಕ್ಕಕ್ಕೆ ಬರುವುದು 9. ಉಳಿದ 12 ನಿಮ್ಮದಲ್ಲ. ಮೂರನೇ ಪಂದ್ಯದ ಐದನೇ ಇನ್ನಿಂಗ್ಸ್ ನೋಡಿ. ಎರಡು ಔಟ್ ಆದ ಮೇಲೆ ಮೊದಲ ಬೇಸ್‌ನಲ್ಲಿ ಕೈಗೆ ಬಂದ ಥ್ರೋ ಬಿಟ್ಟಿದ್ದಾರೆ. ಆಮೇಲೆ ಬಂದ ನಾಲ್ಕು ರನ್ನಿನಲ್ಲಿ ಒಂದೂ ನಿಮ್ಮದಲ್ಲ. ಸಾಫ್ಟ್‌ಬಾಲ್ ಪಂದ್ಯಕ್ಕೆ 7 ಇನ್ನಿಂಗ್ಸ್, ಅದಕ್ಕೇ 9ರ ಬದಲು 7ರಿಂದ ಗುಣಿಸಬೇಕು. 9 ಗುಣಿಸು 7 ಅಂದರೆ 63, ಅದನ್ನು 22ರಿಂದ ಭಾಗಿಸಿದರೆ 2.86. ಮೂರು ಪಂದ್ಯ ಸೋತ ಪಿಚರ್ ಅಂಕಿಯಂತೆ ಇದು ಕಾಣುತ್ತಾ?

ಸ್ಟ್ರೈಕೌಟ್ 24, ಇನ್ನಿಂಗ್ಸ್‌ಗೆ ಒಂದಕ್ಕಿಂತ ಜಾಸ್ತಿ. ಹಿಟ್ ಕೊಟ್ಟಿದ್ದು ಬರೀ 15. ನಿಮ್ಮ ಎಸೆತವನ್ನು ಹೊಡೆಯೋದು ಅವರಿಗೆ ಕಷ್ಟವಾಗಿದೆ. ತೊಂದರೆ ಇರುವುದು ವಾಕ್‌ನಲ್ಲಿ. 14 ಕೊಟ್ಟಿದ್ದೀರಿ, ಅದು ಪೂರ್ತಿ ನಿಮ್ಮ ಕೈಯದ್ದು, ಅದನ್ನು ಯಾರ ಮೇಲೂ ಹಾಕೋಕೆ ಬರಲ್ಲ. ವಿಪ್ 1.32 ಆಗಿರುವುದು ಅದರಿಂದಲೇ. 14ರಲ್ಲಿ 9 ವಾಕ್ ಇನ್ನಿಂಗ್ಸ್‌ನ ಮೊದಲ ಬ್ಯಾಟರ್‌ಗೇ ಬಂದಿವೆ. ಇನ್ನಿಂಗ್ಸ್ ನಡುವೆ ಕೂತು ಮೈ ತಣ್ಣಗಾಗ್ತಿದೆಯೋ ಏನೋ, ಮತ್ತೆ ಒಳಗೆ ಹೋಗುವ ಮೊದಲು ಪಕ್ಕದಲ್ಲಿ ಹತ್ತು ಎಸೆತ ಹಾಕಿ ನೋಡಿ.

ಬಿಡಬೇಡಿ. ನಿಮ್ಮ ಹಾಳೆಗಳ ಮೇಲೆ ಆ 9 ರನ್‌ಗಳಿಗೆ ನೀಲಿ ಗೆರೆ, 12ಕ್ಕೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ದೇನೆ. ಪಿಚಿಂಗ್ ಸರಿಯಿಲ್ಲ ಅಂದವರ ಮುಂದೆ ಅದನ್ನು ಇಡಿ. ಮುಂದಿನ ಪಂದ್ಯದ ಹಾಳೆಯನ್ನೂ ಕಳಿಸಿ, ಕಾಯ್ತಿರ್ತೀನಿ.